ತಪ್ಪು ದೊಡ್ಡಕ್ಷರದಲ್ಲಿ, ತಿದ್ದುಪಡಿ ಸಣ್ಣಕ್ಷರದಲ್ಲಿ

ಕಳೆದ ವರ್ಷ ಜುಲೈ ಮೊದಲ ವಾರದ ಒಂದು ಸಂಜೆ. ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಏಳನೇ ಇಯತ್ತೆ ಓದುವ ಮೊಮ್ಮಗಳು ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು ನೆಲದ ಮೇಲೆ ಹರವಿದಳು.

“ಮುತ್ಯಾ, ನಿಮ್ಮ ರೂಲುದೊಣ್ಣೆ ಕೊಡ್ರಿ.”

ನನ್ನ ರೂಲುದೊಣ್ಣೆ ಎಂದರೆ ಬ್ಯಾಂಕಿನ ಕಾಲದ್ದು. ದುಂಡಗಿನ ಕರಿ ಕಟ್ಟಿಗೆಯದು. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ನಾನು ವರ್ಗವಾದಲ್ಲೆಲ್ಲ ನನ್ನ ಜೊತೆ ತಿರುಗಿದೆ. ನಿವೃತ್ತನಾದ ದಿನ ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಬೇಡಿ ತಂದದ್ದು ಇದೊಂದನ್ನೇ. ಸುಮ್ಮನೆ ಕೊಡುವ ವಸ್ತುವಲ್ಲ. ಆದರೂ ಕೊಟ್ಟೆ.

ಜುಲೈ 1 ಪತ್ರಿಕಾ ದಿನ. ಅದರ ನೆಪದಲ್ಲಿ ಸಾಲಿಯ ಮಕ್ಕಳಿಗೆ ಗೋಡೆ ಪತ್ರಿಕೆ ಮಾಡಲು ಹೇಳಿದ್ದರಂತೆ. ವಾರಕ್ಕೊಂದು ಹಾಳೆ. ಈಕೆಯೇ ಸಂಪಾದಕಿ. ನಾನು ಕನ್ನಡಕ ಏರಿಸಿ ನೋಡುತ್ತೇನೆ, ಹುಡುಗಿ ತಲೆಬರಹವನ್ನು ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಓರೆಯಾಗಿ ಬರೆಯುತ್ತಿದ್ದಾಳೆ. ಅದೂ ಕೆಂಪು ಮಸಿಯಲ್ಲಿ!

“ಅವ್ವಾ, ಅದು ಸೊಟ್ಟ ಆಯ್ತಲ್ಲ. ಪೇಪರ್ ಹಂಗಿರಲ್ಲ.”

“ಸೊಟ್ಟ ಅಲ್ರಿ ಮುತ್ಯಾ, ಡಿಸೈನ್ ಅದ. ಮಂದಿ ನಿಂತು ನೋಡ್ಬೇಕಲ್ರಿ?”

ನಾನು ಮೂವತ್ತಾರು ವರ್ಷ ಗೆರೆಯ ಮೇಲೆ ಅಂಕಿ ಬರೆದವನು. ಗೆರೆ ದಾಟಿದವರನ್ನು ಕಂಡರೆ ನನಗೆ ಆಗುವುದಿಲ್ಲ. ಬಿ.ಕಾಂ. ಓದುವಾಗ ಮೇಷ್ಟ್ರು ಮೊದಲು ಕಲಿಸಿದ್ದೇ ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಎಂಬುದನ್ನು. ಅದನ್ನು ಅದಲು ಬದಲು ಮಾಡಿ ಡಿಸೈನ್ ಎನ್ನಲು ಆಗುತ್ತದೆಯೇ? ಹಾಗೆಂದು ವಾದಕ್ಕಿಳಿದೆ. ಅವಳು ತಿರುಗಿ ಕೇಳಿದಳು: “ಪೇಪರ್ ಹಿಂಗೇ ಇರ್ಬೇಕಂತ ಯಾರ್ ಹೇಳ್ಯಾರ್ರಿ?”

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಈ ಲೇಖನ ಹುಟ್ಟಿತು.

ನಮ್ಮ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಹೊರಬಂತು. ತಂದವರು ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ ಮುಂದಿನ ವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಕ್ಕಳೇ, ಅದನ್ನು ಅಚ್ಚು ಹಾಕಿದ್ದು ಕಲ್ಲಿನಿಂದ. ಕಲ್ಲಚ್ಚು ಎನ್ನುತ್ತಾರೆ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲಿಗೆ ನೀರು ಸವರುತ್ತಾರೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಅಚ್ಚಿನ ಮಸಿ ಹಚ್ಚಿದಾಗ ಅದು ಜಿಡ್ಡಿರುವ ಅಕ್ಷರಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಕಾಗದ ಒತ್ತಿದರೆ ಪುಟ ಸಿದ್ಧ. ನಾವಿಬ್ಬರೂ ಅಂದು ಕುಳಿತಿದ್ದ ನೆಲವೂ ಶಹಾಬಾದಿನ ಫರಸಿ, ಅದೂ ಸುಣ್ಣದ ಕಲ್ಲಿನ ಬಳಗದ್ದೇ. “ಹಂಗಾದ್ರ ನಮ್ಮ ಮನಿ ತುಂಬ ಪೇಪರ್ ಹಾಸೇದ ಅನ್ರಿ” ಎಂದಳು ಮೊಮ್ಮಗಳು.

ಇನ್ನು ಪುಟದ ನಿಯಮದ ಮಾತು. ಮೊದಲ ಪುಟದಲ್ಲಿ ದೊಡ್ಡ ಸುದ್ದಿ ಇರಬೇಕು ಎಂಬುದು ಅನಾದಿ ಕಾಲದ ಕಟ್ಟಳೆ ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಮದರಾಸಿನ ‘ದಿ ಹಿಂದೂ’ 1958ರವರೆಗೂ ಮೊದಲ ಪುಟವನ್ನು ಜಾಹೀರಾತಿಗೆ ಬಿಟ್ಟುಕೊಟ್ಟಿತ್ತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಮೊದಲ ಪುಟಕ್ಕೆ ಸುದ್ದಿ ತಂದದ್ದು 1966ರ ಮೇ 3ರಂದು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅಂದರೆ ನನ್ನ ‘ಅನಾದಿ ಕಾಲ’ ನನಗಿಂತ ಚಿಕ್ಕದು.

ನಮ್ಮ ಅಪ್ಪ ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಕಾಗದ ಪತ್ರವೆಲ್ಲ ಉರ್ದು. ಹೈದರಾಬಾದಿನ ಉರ್ದು ಪತ್ರಿಕೆ ಓದುತ್ತಿದ್ದರು. ಅದಕ್ಕೆ ಅಚ್ಚಿನ ಮೊಳೆ ಇರುತ್ತಿರಲಿಲ್ಲ. ಕಾತಿಬರು ಎಂಬ ಬರಹಗಾರರು ಇಡೀ ಪುಟವನ್ನು ಕೈಯಲ್ಲೇ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ಅಕ್ಷರದ ಮೇಲೊಂದು ಅಕ್ಷರ ಏರಿಸುತ್ತಿದ್ದರು. ಚೆನ್ನೈಯಲ್ಲಿ 1927ರಲ್ಲಿ ಶುರುವಾದ ‘ದಿ ಮುಸಲ್ಮಾನ್’ ಎಂಬ ಉರ್ದು ದಿನಪತ್ರಿಕೆ ಕಂಪ್ಯೂಟರ್ ಬಂದ ಮೇಲೂ ಕೈಬರಹ ಬಿಡಲಿಲ್ಲ. ತಡವಾಗಿ ಬರುವ ಸುದ್ದಿಗಾಗಿ ಮೊದಲ ಪುಟದ ಒಂದು ಮೂಲೆಯನ್ನು ಮಧ್ಯಾಹ್ನದವರೆಗೆ ಖಾಲಿ ಇಟ್ಟುಕೊಂಡಿರುತ್ತಿದ್ದರು.

ಉರ್ದು ಪತ್ರಿಕೆಯ ಮಾತು ಬಂದಾಗ ಅಪ್ಪ ಶೋಯಬುಲ್ಲಾ ಖಾನ್ ಎಂಬ ಹೆಸರು ತೆಗೆಯದೆ ಇರುತ್ತಿರಲಿಲ್ಲ. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಪತ್ರಿಕೆಯ ಸಂಪಾದಕರು, ಇನ್ನೂ ಮೂವತ್ತು ತುಂಬದ ತರುಣ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದರು, ರಜಾಕಾರರ ದಬ್ಬಾಳಿಕೆಯನ್ನು ಬರೆದರು. ಬೆದರಿಕೆ ಬಂದರೂ ನಿಲ್ಲಿಸಲಿಲ್ಲ. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವರನ್ನು ಕೊಂದರು. ಬರೆದ ಕೈಯನ್ನೂ ಕಡಿದರು. ಆಮೇಲೆ ಒಂದು ತಿಂಗಳೂ ಆಗಲಿಲ್ಲ, ಸೆಪ್ಟೆಂಬರ್ 17ಕ್ಕೆ ನಾವು ಭಾರತದವರಾದೆವು. ಅಪ್ಪ ಇದನ್ನು ಹೇಳುವಾಗ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಡುತ್ತಿದ್ದರು.

ನಿಯಮ ಮುರಿದವರ ಕತೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕಲ್ಕತ್ತೆಯದು. 1878ರಲ್ಲಿ ಬ್ರಿಟಿಷರು ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು ಒಂದು ಕಾಯಿದೆ ತಂದರು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ‘ಅಮೃತ ಬಜಾರ್ ಪತ್ರಿಕಾ’ ಆಗ ಬಂಗಾಳಿ, ಇಂಗ್ಲಿಷ್ ಎರಡರಲ್ಲೂ ಇತ್ತು. ಕಾಯಿದೆ ಬಂದದ್ದೇ ತಡ, ಮರು ಸಂಚಿಕೆಯನ್ನು ಪೂರ್ತಿ ಇಂಗ್ಲಿಷಿನಲ್ಲಿ ತಂದರು! ಕಾನೂನಿನ ಒಂದಕ್ಷರವೂ ಮುರಿಯಲಿಲ್ಲ, ಹೇಳಬೇಕಾದದ್ದನ್ನು ಬಿಡಲೂ ಇಲ್ಲ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನಾನು ಆಗ ಬ್ಯಾಂಕಿಗೆ ಸೇರಿದ ಹೊಸದು, ವಾಡಿಯಲ್ಲಿದ್ದೆ. ವಾಡಿ ಎಂದರೆ ಮುಂಬಯಿ, ಮದರಾಸು, ಹೈದರಾಬಾದು ಮೂರೂ ದಿಕ್ಕಿನ ರೈಲು ಕೂಡುವ ಜಂಕ್ಷನ್. ಊರೊಳಗೆ ಪತ್ರಿಕೆ ಬರುವ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಿತ್ತು. ಮೊದಲ ಗಾಡಿಯ ಹೊತ್ತಿಗೆ ನಾವು ನಾಲ್ಕೈದು ಜನ ಚಹಾ ಅಂಗಡಿಯ ಮುಂದೆ ಸೇರುತ್ತಿದ್ದೆವು. ಆ ದಿನಗಳಲ್ಲಿ ಪತ್ರಿಕೆ ಬರುತ್ತಿತ್ತು, ಆದರೆ ಸರ್ಕಾರದ ಸೆನ್ಸಾರ್ ಒಪ್ಪಿದ್ದಷ್ಟೇ ಅದರಲ್ಲಿರುತ್ತಿತ್ತು. ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಬಿಳಿ ಬಿಟ್ಟಿತು. ಏನೂ ಇಲ್ಲದ ಬರೀ ಕಾಗದ. ಆ ಸಂಚಿಕೆಯನ್ನು ನಾನು ಕಣ್ಣಾರೆ ಕಂಡವನಲ್ಲ. ರೈಲ್ವೆ ಗಾರ್ಡ್ ಒಬ್ಬರು ಬಂದು, “ಇವತ್ತು ಪೇಪರಿನಾಗ ಏನೂ ಬರೀದೇ ಎಲ್ಲಾ ಬರದಾರ ನೋಡ್ರಿ” ಎಂದದ್ದು ನೆನಪಿದೆ. ಇನ್ನು ಮುಂದೆ ಸಂಪಾದಕೀಯದ ಜಾಗ ಖಾಲಿ ಬಿಡುವಂತಿಲ್ಲ ಎಂದು ಆಮೇಲೆ ಅದಕ್ಕೂ ಅಪ್ಪಣೆಯಾಯಿತು. ಖಾಲಿ ಜಾಗಕ್ಕೆ ಹೆದರಿದ್ದರು ಎಂದಾಯಿತಲ್ಲ!

ಅದೇ ದಿನಗಳಲ್ಲಿ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದ ನಿಧನ ವಾರ್ತೆಯ ಕಾಲಂನಲ್ಲಿ ಒಂದು ಪುಟ್ಟ ಜಾಹೀರಾತು ಬಂತು. ಯಾರೋ ವಿದೇಶಿ ಹೆಸರಿನವರು ತೀರಿಕೊಂಡಂತೆ ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ಸತ್ತದ್ದು ‘ಡೆಮಾಕ್ರಸಿ’, ಹೆಂಡತಿಯ ಹೆಸರು ‘ಟ್ರುತ್’, ಮಗನ ಹೆಸರು ‘ಲಿಬರ್ಟಿ’. ಸೆನ್ಸಾರಿನವರು ನಿಧನ ವಾರ್ತೆ ಓದುವುದಿಲ್ಲ ಎಂಬುದು ಬರೆದವರಿಗೆ ಗೊತ್ತಿತ್ತು.

ಹತ್ತಿರದ ಕಾಲಕ್ಕೆ ಬಂದರೆ 2020ರ ಮೇ 24. ಕೊರೊನಾದಿಂದ ಅಮೆರಿಕದಲ್ಲಿ ಸತ್ತವರ ಸಂಖ್ಯೆ ಒಂದು ಲಕ್ಷದ ಹತ್ತಿರ ಬಂದಿತ್ತು. ‘ನ್ಯೂಯಾರ್ಕ್ ಟೈಮ್ಸ್’ ಆ ದಿನದ ಮೊದಲ ಪುಟದಲ್ಲಿ ಒಂದೂ ಫೋಟೋ ಹಾಕದೆ, ಬೇರೆ ಸುದ್ದಿಯನ್ನೂ ಹಾಕದೆ, ತೀರಿಹೋದವರ ಹೆಸರುಗಳನ್ನೇ ತುಂಬಿತು. ಸಾವಿರದಷ್ಟು ಹೆಸರು, ಒಬ್ಬೊಬ್ಬರ ಬಗ್ಗೆ ಒಂದೊಂದು ಸಾಲು. ಆ ಹೊತ್ತಿಗೆ ನಮ್ಮಲ್ಲೂ ಮುಂಬಯಿಯಿಂದ ತಾಂಡಾಗಳಿಗೆ ಮರಳುವ ಜನ ಲಾರಿಗಳಲ್ಲಿ ಬರುತ್ತಿದ್ದರು. ಮಗ ಮೊಬೈಲಿನಲ್ಲಿ ಆ ಪುಟ ತೋರಿಸಿದ. ಅಂಕಿಯ ಮನುಷ್ಯ ನಾನು. ಒಂದು ಲಕ್ಷ ಎಂದರೆ ಎಷ್ಟು ಎಂಬುದು ನನಗೆ ಅಂದು ತಿಳಿಯಿತು.

ಕನ್ನಡದಲ್ಲೂ ಧೈರ್ಯ ಮಾಡಿದವರಿದ್ದಾರೆ. ಪಿ. ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಎಂದರು. ಓದುಗರು ಕೊಡುವ ದುಡ್ಡಿನಿಂದಲೇ ನಡೆಸಿದರು. ‘ಪ್ರಜಾವಾಣಿ’ 2012ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ, ಸಂಪಾದಕರ ಕುರ್ಚಿಯನ್ನೇ ಒಂದು ದಿನದ ಮಟ್ಟಿಗೆ ದೇವನೂರ ಮಹಾದೇವ ಅವರಿಗೆ ಬಿಟ್ಟುಕೊಟ್ಟಿತು. ಆ ದಿನದ ಪತ್ರಿಕೆ ನನ್ನ ಟ್ರಂಕಿನಲ್ಲಿದೆ.

ಆದರೆ ನಿಯಮ ಮುರಿದವರೆಲ್ಲ ಒಳ್ಳೆಯದಕ್ಕೇ ಮುರಿಯುತ್ತಾರೆ ಎಂದಲ್ಲ. ಜಾಹೀರಾತನ್ನು ಸುದ್ದಿಯ ಹಾಗೆ ಅದೇ ಅಕ್ಷರ, ಅದೇ ಕಾಲಂ ಅಳತೆಯಲ್ಲಿ ಅಚ್ಚು ಹಾಕುವುದೂ ಒಂದು ಡಿಸೈನೇ. ದುಡ್ಡು ಕೊಟ್ಟು ಚುನಾವಣೆಯ ಸುದ್ದಿ ಬರೆಸಿಕೊಳ್ಳುವುದರ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ 2010ರಲ್ಲಿ ದೊಡ್ಡ ವರದಿ ಬರೆಯಿತು. ಪೂರ್ತಿ ವರದಿ ಜನರ ಕಣ್ಣಿಗೆ ಬೀಳಲು ಮಾಹಿತಿ ಆಯೋಗ ಹೇಳಬೇಕಾಯಿತು, ಅದು ಮರುವರ್ಷ. ಬ್ಯಾಂಕಿನಲ್ಲಿ ಹಣ ಕಟ್ಟುವ ಚೀಟಿಗೂ ತೆಗೆಯುವ ಚೀಟಿಗೂ ಬೇರೆ ಬೇರೆ ಬಣ್ಣ ಯಾಕೆ ಇರುತ್ತಿತ್ತು? ಓದು ಬಾರದ ರೈತನೂ ಮೋಸ ಹೋಗಬಾರದು ಎಂದು. ಎರಡಕ್ಕೂ ಒಂದೇ ಬಣ್ಣ ಬಳಿದವನನ್ನು ನಾನು ಕಲಾವಿದ ಎನ್ನಲಾರೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳ ಓರೆ ತಲೆಬರಹಕ್ಕೆ ಬಣ್ಣ ತುಂಬಿಯಾಗಿತ್ತು. ದೂರದಿಂದ ಚೆಂದವೇ ಕಾಣುತ್ತಿತ್ತು. ಒಪ್ಪಿಕೊಂಡೆ. ಅದರಲ್ಲಿ ಏನು ಬರೆದಿದೆ ಎಂದು ಮಾತ್ರ ನಾನು ಸರಿಯಾಗಿ ಓದಿರಲಿಲ್ಲ.

ಮೂರು ದಿನ ಬಿಟ್ಟು ಹುಡುಗಿ ಸಾಲಿಯಿಂದ ಮುಖ ಸಣ್ಣ ಮಾಡಿಕೊಂಡು ಬಂದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಕೇಳಿ ಕೇಳಿ ಸಾಕಾದ ಮೇಲೆ ಬಾಯಿ ಬಿಟ್ಟಳು.

ಓರೆ ತಲೆಬರಹದಲ್ಲಿದ್ದದ್ದು ‘ಎರಡು ಮೊಟ್ಟೆ ಮಾಯ!’ ಎಂದು. ನಮ್ಮ ಕಲ್ಯಾಣ ಕರ್ನಾಟಕದ ಸಾಲಿಗಳಲ್ಲಿ 2021ರ ಕೊನೆಯಿಂದ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಆ ದಿನ ಮೂವತ್ತರ ನಾಲ್ಕು ಟ್ರೇ ಬಂದಿತ್ತು, ಅಂದರೆ 120 ಮೊಟ್ಟೆ. ಬಡಿಸುವಾಗ ಎಣಿಸಿದರೆ 118. ಅಡುಗೆ ಕೋಣೆಯ ಹತ್ತಿರ ‘ತಾಂಡಾದಿಂದ ಬರುವ ಒಬ್ಬ ವಿದ್ಯಾರ್ಥಿ’ ಓಡಾಡುತ್ತಿದ್ದ ಎಂದು ನಮ್ಮ ಸಂಪಾದಕಿ ಬರೆದಿದ್ದಳು. ಹೆಸರು ಹಾಕಿರಲಿಲ್ಲ. ಆದರೆ ಅವರ ವರ್ಗದಲ್ಲಿ ತಾಂಡಾದಿಂದ ಬರುವವನು ಒಬ್ಬನೇ. ಮರುದಿನ ಅಡುಗೆಯವ್ವ ಹೇಳಿದ್ದೇನೆಂದರೆ, ಎರಡು ಮೊಟ್ಟೆ ಬಿರುಕು ಬಿಟ್ಟಿದ್ದವು, ಆಕೆಯೇ ತೆಗೆದು ಆಚೆ ಇಟ್ಟಿದ್ದಳು. ಆ ಹುಡುಗ ಹೋದದ್ದು ಕೊಡದಲ್ಲಿ ನೀರು ತಂದುಕೊಡಲು. ಅವನು ಎರಡು ದಿನದಿಂದ ಸಾಲಿಗೆ ಬಂದಿಲ್ಲ.

“ನಾ ಹೆಸರೇ ಬರದಿಲ್ರಿ ಮುತ್ಯಾ” ಎಂದು ಅತ್ತಳು.

ನಾನು ಏನೂ ಹೇಳದೆ ಒಳಗೆ ಹೋಗಿ ಟ್ರಂಕ್ ತೆಗೆದೆ. ಪಾಸ್‌ಬುಕ್ ಹಾಕಿಡುವ ಒಂದು ಹಳೆ ಲಕೋಟೆ ತಂದು ಅವಳ ಮುಂದಿಟ್ಟೆ. ಅದರಲ್ಲಿ ಎರಡು ಪೇಪರ್ ತುಂಡುಗಳಿದ್ದವು.

1986ರ ಮಾತು. ಚಿಂಚೋಳಿ ಶಾಖೆಯಲ್ಲಿ ಕ್ಯಾಶ್ ನನ್ನ ಜವಾಬ್ದಾರಿ. ಒಂದು ಸಂಜೆ ನಾಲ್ಕು ಸಾವಿರ ರೂಪಾಯಿ ಕಡಿಮೆ ಬಂತು. ಕಡಿಮೆ ಬಿದ್ದರೆ ಕ್ಯಾಶಿಯರ್ ತುಂಬಬೇಕು. ನನ್ನ ಎರಡು ತಿಂಗಳ ಪಗಾರಕ್ಕಿಂತ ಹೆಚ್ಚು ಹಣ. ಸಾಲ ಮಾಡಿ ತುಂಬಿದೆ. ಮೂರನೇ ದಿನ ಒಂದು ಪತ್ರಿಕೆಯಲ್ಲಿ ಮೂರು ಕಾಲಂ ಅಗಲದ ಸುದ್ದಿ: ಬ್ಯಾಂಕಿನಲ್ಲಿ ಹಣ ಮಂಗಮಾಯ, ಗುಮಾಸ್ತನ ಮೇಲೆ ಅನುಮಾನ. ನನ್ನ ಹೆಸರಿರಲಿಲ್ಲ. ಆದರೆ ಕ್ಯಾಶ್ ಕೌಂಟರಿನಲ್ಲಿ ಕೂಡುವ ಗುಮಾಸ್ತ ಇಡೀ ಚಿಂಚೋಳಿಗೆ ನಾನೊಬ್ಬನೇ ಎಂಬಂತೆ ಜನ ನೋಡಿದರು. ಸುದ್ದಿ ಬರೆದವರು ಯಾರೂ ನನ್ನನ್ನು ಬಂದು ಒಂದು ಮಾತು ಕೇಳಿರಲಿಲ್ಲ.

ಐದನೇ ದಿನ ಹಿತ್ತಾಳೆ ಟೋಕನ್ನುಗಳ ಲೆಕ್ಕ ಹಿಡಿದು ಹುಡುಕಿದಾಗ ಸಿಕ್ಕಿತು. ಒಂದು ಹಣ ತೆಗೆಯುವ ಚೀಟಿ ಇನ್ನೊಂದರ ಬೆನ್ನಿಗೆ ಗೋಂದಿನಿಂದ ಅಂಟಿಕೊಂಡು, ಲೆಕ್ಕಕ್ಕೆ ಬರದೆ ಉಳಿದಿತ್ತು. ನನ್ನ ಹಣ ನನಗೆ ವಾಪಸ್ ಬಂತು. ವಾರ ಕಳೆದು ಪತ್ರಿಕೆಯಲ್ಲೂ ತಿದ್ದುಪಡಿ ಬಂತು. ಒಳಪುಟದ ಕೆಳಗಡೆ, ತೊಗರಿ ಪೇಟೆಧಾರಣೆಯ ಪಕ್ಕ, ನಾಲ್ಕು ಸಾಲು, ಕೊನೆಯಲ್ಲಿ ‘ವಿಷಾದಿಸುತ್ತೇವೆ’. ಇದೇ ರೂಲುದೊಣ್ಣೆಯಿಂದ ಎರಡನ್ನೂ ಅಳೆದಿದ್ದೆ. ಸುದ್ದಿ ಆರು ಅಂಗುಲ ಅಗಲ, ವಿಷಾದ ಎರಡು ಅಂಗುಲ.

ಸೇಡಂನಲ್ಲಿದ್ದ ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಮೊದಲಿನದನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅವಳಿಗೆ ಓದಿ ಹೇಳಿದ್ದರು. ಆಮೇಲೆ ಆಕೆ ಸಂತೆಗೆ ಹೋಗುವುದನ್ನೇ ಬಿಟ್ಟಳು. ನಾನು ತಿದ್ದುಪಡಿಯನ್ನು ಓದಿ ತೋರಿಸಿದಾಗ ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಇಷ್ಟ್ ಸಣ್ಣದ ಯಾರ್ ಓದ್ತಾರಪ್ಪ?” ಎಂದಳು. ಆಕೆ ಮತ್ತೆ ಸಂತೆಗೆ ಹೋಗಲು ದೀಪಾವಳಿ ಬರಬೇಕಾಯಿತು.

ಮೊಮ್ಮಗಳು ಎರಡೂ ತುಂಡುಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಮತ್ತೆ ಕೇಳಿದಳು: “ನಿಮ್ಮ ಬ್ಯಾಂಕಿನಾಗ ತಪ್ ಬರದ್ರ ಏನ್ ಮಾಡ್ತಿದ್ರಿ?”

ಅದನ್ನು ಹೇಳಲು ನನಗೆ ಬರುತ್ತದೆ. ಲೆಡ್ಜರಿನಲ್ಲಿ ಅಳಿಸುವಂತಿಲ್ಲ, ಕೆರೆಯುವಂತಿಲ್ಲ, ಅಂಕಿಯ ಮೇಲೆ ಅಂಕಿ ತಿದ್ದುವಂತಿಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಗೆರೆ, ಅದೂ ಕೆಳಗಿನ ಅಂಕಿ ಓದಲು ಬರುವಂತೆ. ಅದರ ಮೇಲೆ ಸರಿ ಅಂಕಿ. ಪಕ್ಕದಲ್ಲಿ ತಿದ್ದಿದವನ ಸಣ್ಣ ಸಹಿ. ‘ನ್ಯೂಯಾರ್ಕ್ ಟೈಮ್ಸ್’ನ ಇನ್ನೊಂದು ಕತೆಯನ್ನೂ ಹೇಳಿದೆ. 1898ರ ಫೆಬ್ರವರಿಯಲ್ಲಿ ಅದರ ಸಂಚಿಕೆ ಸಂಖ್ಯೆ 14,499 ಆದ ಮರುದಿನ ಯಾರೋ 15,000 ಎಂದು ಹಾಕಿಬಿಟ್ಟರು. ಐನೂರು ಹೆಚ್ಚು! ನೂರು ವರ್ಷ ಆ ತಪ್ಪು ಹಾಗೇ ನಡೆಯಿತು. 1999ರಲ್ಲಿ ಅಲ್ಲಿನ ಒಬ್ಬ ತರುಣ ಸಹಾಯಕ ಲೆಕ್ಕ ಹಾಕಿ ಕಂಡುಹಿಡಿದ. 2000ದ ಜನವರಿ 1ರಂದು ಪತ್ರಿಕೆ ತಪ್ಪು ಒಪ್ಪಿಕೊಂಡು, ಹಿಂದಿನ ದಿನ 51,753 ಇದ್ದ ಸಂಖ್ಯೆಯನ್ನು 51,254ಕ್ಕೆ ಇಳಿಸಿತು. ನಮ್ಮಲ್ಲಿ ‘ದಿ ಹಿಂದೂ’ 2006ರಲ್ಲಿ ಓದುಗರ ದೂರು ಕೇಳಿ ತಪ್ಪು ತಿದ್ದಲೆಂದೇ ಒಬ್ಬ ಸಂಪಾದಕರನ್ನು ನೇಮಿಸಿತು. ಪತ್ರಿಕಾ ಮಂಡಳಿಯ ನೀತಿಯಲ್ಲೂ, ತಪ್ಪು ಗೊತ್ತಾದ ಕೂಡಲೇ ತಿದ್ದುಪಡಿಯನ್ನು ಎದ್ದು ಕಾಣುವಂತೆ ಹಾಕಬೇಕು ಎಂದೇ ಇದೆ.

ಅವಳು ರೂಲುದೊಣ್ಣೆ ಎತ್ತಿಕೊಂಡಳು.

ಮುಂದಿನ ಸೋಮವಾರದ ಗೋಡೆ ಪತ್ರಿಕೆಯಲ್ಲಿ ಅದೇ ಓರೆ, ಅದೇ ಅಳತೆ, ಅದೇ ಕೆಂಪು ಮಸಿಯಲ್ಲಿ ‘ಎರಡು ಮೊಟ್ಟೆ ಮಾಯ!’ ಎಂದು ಮತ್ತೆ ಬರೆದಳು. ಅದರ ಮೇಲೆ ಒಂದೇ ಒಂದು ಗೆರೆ. ಗೆರೆಯ ಮೇಲ್ಗಡೆ ಅಷ್ಟೇ ದೊಡ್ಡದಾಗಿ, ‘ಮೊಟ್ಟೆ ಮಾಯವಾಗಿರಲಿಲ್ಲ, ನಾನು ಕೇಳದೆ ಬರೆದೆ’. ಪಕ್ಕದಲ್ಲಿ ಅವಳ ಸಹಿ. ಟೀಚರಿಗೆ ಅದು ಹಿಡಿಸಲಿಲ್ಲವಂತೆ. ಹಾಳೆ ಅಂದಗೆಟ್ಟಿದೆ, ಕಾಟು ಹೊಡೆದದ್ದನ್ನು ಗೋಡೆಗೆ ಹಚ್ಚುವಂತಿಲ್ಲ, ಕೆಳಗೆ ಸಣ್ಣದಾಗಿ ಬರೆದರೆ ಸಾಕು ಎಂದರಂತೆ. ಇವಳು ಜಿದ್ದು ಬಿಡಲಿಲ್ಲ. ಕೊನೆಗೆ ಹೆಡ್ ಮಾಸ್ತರು ಬಂದು ಎರಡು ಸಲ ಓದಿ, “ಇರ್ಲಿ ಬಿಡ್ರಿ” ಎಂದರಂತೆ.

ಹಾಳೆಯ ಬಲಮೂಲೆಯಲ್ಲಿ ಒಂದು ಚೌಕ ಬರೆದು ಖಾಲಿ ಬಿಟ್ಟಿದ್ದಳು. ಒಳಗೆ ಏನೂ ಇಲ್ಲ. ಅದು ಅವನಿಗೆ, ಏನು ಬೇಕಾದರೂ ಬರೆಯಲಿ ಎಂದಳು. ಹುಡುಗನ ಅಪ್ಪ ಅವನನ್ನು ಕರೆದುಕೊಂಡು ಬಂದು ಬಿಟ್ಟುಹೋದರು. ಅವನು ಗೋಡೆಯ ಮುಂದೆ ನಿಂತು ಓದಿದ, ಏನೂ ಮಾತಾಡಲಿಲ್ಲವಂತೆ. ಆ ವಾರ ಚೌಕ ಖಾಲಿಯೇ ಉಳಿಯಿತು. ಎರಡನೇ ವಾರವೂ ಖಾಲಿ. ದಿನಾ ಸಂಜೆ ನಾನು ಕೇಳುವುದು, ಅವಳು ತಲೆ ಅಲ್ಲಾಡಿಸುವುದು.

ಮೂರನೇ ವಾರ ಪಾಲಕರ ಸಭೆಗೆ ನಾನೇ ಸಾಲಿಗೆ ಹೋದೆ. ಗೋಡೆಯ ಹತ್ತಿರ ಹೋಗಿ ಕನ್ನಡಕ ಏರಿಸಿದೆ. ಚೌಕದೊಳಗೆ ಪೆನ್ಸಿಲಿನಿಂದ ಒತ್ತೊತ್ತಾಗಿ ಬರೆದಿತ್ತು: ‘ಇಂದು ಬಂದ ಮೊಟ್ಟೆ 120. ಒಡೆದದ್ದು 1. ಬಡಿಸಿದ್ದು 119. ಎಣಿಸಿದವರು ನಾನು ಮತ್ತು ಅಡುಗೆಯವ್ವ.’ ಕೆಳಗೆ ಅವನ ಸಹಿ.

ಕೂಡಿಸಿ ನೋಡಿದೆ. ಸರಿ ಇತ್ತು. ಅಂಕಿಗಳ ಕೆಳಗಿನ ಗೆರೆ ಮಾತ್ರ ಸ್ವಲ್ಪ ಸೊಟ್ಟ. ಮರುದಿನ ಮೊಮ್ಮಗಳ ಕೈಯಲ್ಲಿ ರೂಲುದೊಣ್ಣೆ ಕಳಿಸಿದೆ, ಅವನಿಗೆ ಕೊಡು ಎಂದು. ಇನ್ನೂ ವಾಪಸ್ ಬಂದಿಲ್ಲ.